ಕೊರಿಯನ್ ಅಕ್ಷರ ಕಂಡು ಎದ್ದುಹೋದ ಕಂಪ್ಯೂಟರು

೧೯೯೨ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಮುಗಿದಿತ್ತು. ಉಳಿದ ಅರ್ಧ ವರ್ಷ ಹೇಗೂ ಇಂಥವೇ ಪಾಠಗಳಿರುತ್ತವೆ ಎಂದು ನಾನೇ ತೀರ್ಮಾನಿಸಿ ಮನೆಗೆ ಬಂದೆ. ಯಾರೂ ಬಿಡಿಸಿದ್ದಲ್ಲ, ಕಣ್ಣೀರಿನ ಕಥೆಯೂ ಅಲ್ಲ. ಲೆಕ್ಕದ ಮೇಷ್ಟ್ರಿಗೂ ನನಗೂ ಆಗಿಬರುತ್ತಿರಲಿಲ್ಲ. ಅವರು ಶಾಲೆ ಬಿಡುವ ಲಕ್ಷಣ ಕಾಣಲಿಲ್ಲ, ನಾನು ಬಿಟ್ಟೆ. ಅದರಿಂದ ನನಗೆ ನಷ್ಟವೇನೂ ಆಗಲಿಲ್ಲ, ಒಂದು ಕಾಯಿಲೆ ಮಾತ್ರ ಅಂಟಿಕೊಂಡಿತು. ಅರ್ಧಕ್ಕೆ ಓದು ಬಿಟ್ಟವರಿಗೆಲ್ಲ ಇದು ಇರುತ್ತದೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ನಮಗೆ ‘ಗೊತ್ತಿಲ್ಲ’ ಎನ್ನುವ ಮಾತು ಬಾಯಿಂದ ಹೊರಡುವುದಿಲ್ಲ. ಡಿಗ್ರಿ ಮಾಡಿದವರು ‘ಗೊತ್ತಿಲ್ಲ’ ಅಂದರೆ ಜನ ಅದನ್ನು ವಿನಯ ಅನ್ನುತ್ತಾರೆ. ನಾನು ಅಂದರೆ ‘ಹೌದು, ಪಾಪ’ ಅನ್ನುತ್ತಾರೆ. ಆ ‘ಪಾಪ’ ಕೇಳಿಸಿಕೊಳ್ಳುವುದಕ್ಕಿಂತ ಇಡೀ ದಿನ ಬೆವರು ಸುರಿಸಿ ಗೊತ್ತು ಮಾಡಿಕೊಳ್ಳುವುದು ಸುಲಭ ಎಂದು ನಂಬಿ ಬದುಕಿದವನು ನಾನು.

ಹಾಗೆ ಬೆವರು ಸುರಿಸಿ ಕಲಿತದ್ದೇ ಇವತ್ತಿನ ನನ್ನ ಅಂಗಡಿ. ಬ್ಯಾಟರಾಯನಪುರದಲ್ಲಿ, ಪಿಳ್ಳಪ್ಪನವರ ಕಟ್ಟಡದ ಕೆಳಗೆ, ನಾಮಫಲಕ ಮತ್ತು ರೇಡಿಯಂ ಸ್ಟಿಕರಿನ ಅಂಗಡಿ. ಗಾಡಿ ನಂಬರಿನಿಂದ ಹಿಡಿದು ಆಸ್ಪತ್ರೆಯ ಬಾಗಿಲಿನ ತನಕ ಎಲ್ಲಿ ಅಕ್ಷರ ಅಂಟಬೇಕೋ ಅಲ್ಲಿ ಅಂಟಿಸುತ್ತೇವೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದರೆ ಕಟಿಂಗ್ ಮೆಶೀನು ಅದರ ಅಂಚಿನುದ್ದಕ್ಕೂ ಬ್ಲೇಡು ಓಡಿಸಿ ಕತ್ತರಿಸುತ್ತದೆ. ಸುತ್ತಲಿನ ಬೇಡದ ರೇಡಿಯಂ ಕಿತ್ತು ತೆಗೆಯುವುದು ನನ್ನ ಹೆಂಡತಿ ರತ್ನಳ ಕೆಲಸ. ಸೂಜಿಯ ಮೊನೆಯಲ್ಲಿ ಅವಳು ‘ಖ’ದ ಹೊಟ್ಟೆಯೊಳಗಿನ ಚೂರನ್ನು ಎತ್ತುವುದು ನೋಡಿದರೆ ಕಣ್ಣಿನ ಡಾಕ್ಟರೂ ನಾಚಬೇಕು. ಪಿಳ್ಳಪ್ಪನವರು ಈ ಊರಿನ ಹಳೆಯ ಕುಳ. ಈ ರಸ್ತೆಯೆಲ್ಲ ರಾಗಿ ಹೊಲವಾಗಿದ್ದಾಗ ಅವರದು. ಈಗ ನಾಲ್ಕು ಕಟ್ಟಡಗಳಿವೆ, ಕೂರಲು ನನ್ನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿ ಒಂದೇ.

ಹೋದ ವರ್ಷ ಆಯುಧ ಪೂಜೆ ಕಳೆದು ಮೂರು ವಾರವಾಗಿರಬಹುದು, ಒಂದು ಸೋಮವಾರ ಕಿಮ್ ಮೇಡಂ ಬಂದರು. ಕೊರಿಯಾದವರು, ತಣಿಸಂದ್ರದಲ್ಲಿ ಮನೆ. ನಾಲ್ಕು ವರ್ಷದಿಂದ ಇಲ್ಲೇ ಇರುವುದರಿಂದ ತರಕಾರಿಗೆ ಸಾಕಾಗುವಷ್ಟು ಕನ್ನಡ ಇತ್ತು. ಅಲ್ಲೇ ಒಂದು ಚಿಕ್ಕ ಹೋಟೆಲು ತೆರೆಯುತ್ತಿದ್ದರು. ಹೊರಗೆ ಬೋರ್ಡು, ಒಳಗೆ ಗಾಜಿನ ಗೋಡೆಯ ತುಂಬ ತಿಂಡಿಗಳ ಪಟ್ಟಿ. ಮೇಲೆ ಕೊರಿಯನ್, ಕೆಳಗೆ ಕನ್ನಡ, ಇಂಗ್ಲಿಷು. ಕೂತವರೇ ಮೊಬೈಲು ತೆಗೆದು ಎರಡು ಫೋಟೋ ತೋರಿಸಿದರು. ನನಗಿಂತ ಮೊದಲು ಇನ್ನೆರಡು ಅಂಗಡಿಯವರು ಮಾಡಿಕೊಟ್ಟ ಬೋರ್ಡುಗಳು. ಕೊರಿಯನ್ ಇರಬೇಕಾದ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು. ಎರಡನೆಯವನು ಆ ಚೌಕಗಳಿಗೆ ನೆರಳು ಕೊಟ್ಟು ಬಂಗಾರದ ಬಣ್ಣ ಬೇರೆ ತುಂಬಿದ್ದ.

“ನಾಗರಾಜ್ ಸರ್, ಡಬ್ಬ ಬೇಡ,” ಅಂದರು ಕಿಮ್ ಮೇಡಂ. “ಅಕ್ಷರ ಬೇಕು. ಶನಿವಾರ ಅಮ್ಮ ಬರ್ತಾರೆ. ಹೋಟೆಲ್ ಹೆಸರು, ಅಮ್ಮನ ಹೆಸರು. ಅಡುಗೆ ಎಲ್ಲಾ ಅಮ್ಮನ ಅಡುಗೆ. ಅಮ್ಮಂಗೆ ಇಂಗ್ಲಿಷ್ ಇಲ್ಲ, ಕನ್ನಡ ಇಲ್ಲ. ಕೊರಿಯನ್ ಒಂದೇ.”

ಆ ಅಮ್ಮ ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿ, ಅಷ್ಟು ದೂರದಿಂದ ಬಂದು, ಮಗಳ ಹೋಟೆಲಿನ ಮುಂದೆ ಇಳಿದು, ತಲೆ ಎತ್ತಿ ತನ್ನ ಹೆಸರಿನ ಜಾಗದಲ್ಲಿ ಬಂಗಾರದ ಡಬ್ಬ ನೋಡುವುದನ್ನು ನೆನೆಸಿಕೊಂಡೆ. ಅದನ್ನು ತಪ್ಪಿಸುವವನು ನಾನೇ ಎಂದು ಎದೆ ಉಬ್ಬಿತು. “ಮೇಡಂ, ಡಬ್ಬ ಮಾಡೋರು ಬೇರೆ, ನಾವು ಬೇರೆ. ಶುಕ್ರವಾರ ಸಂಜೆ ಬೋರ್ಡು ನಿಮ್ಮ ಬಾಗಿಲ ಮೇಲಿರುತ್ತೆ,” ಅಂದೆ. ಅವರು ನನ್ನ ಕೈ ಹಿಡಿದು ತಲೆ ಬಾಗಿಸಿ ಹೋದರು. ರತ್ನ ರೇಡಿಯಂ ಕೀಳುತ್ತಲೇ, “ನಿಮಗೆ ಕೊರಿಯನ್ ಬರುತ್ತೇನ್ರೀ?” ಅಂದಳು. “ಮೆಶೀನಿಗೆ ಬಂದ್ರೆ ಸಾಕು ಕಣೇ,” ಅಂದೆ.

ಮೆಶೀನಿಗೆ ಬರಲಿಲ್ಲ. ಅವರು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ಮೊಬೈಲಿನಲ್ಲಿ ಮುತ್ತು ಪೋಣಿಸಿದ ಹಾಗೆ ಕಾಣುತ್ತಿತ್ತು. ಅದನ್ನು ಕಂಪ್ಯೂಟರಿಗೆ ತಂದು, ನಮ್ಮ ಅಕ್ಷರ ಜೋಡಿಸುವ ಸಾಫ್ಟ್‌ವೇರಿನಲ್ಲಿ ಅಂಟಿಸಿದೆ. ಸಾಫ್ಟ್‌ವೇರು ಮಾಯವಾಯಿತು. ತಪ್ಪಾಯಿತು ಎನ್ನಲಿಲ್ಲ, ಕ್ಷಮಿಸಿ ಎನ್ನಲಿಲ್ಲ. ಕಾಫಿ ಕುಡಿಯುತ್ತಾ ಚೆನ್ನಾಗಿಯೇ ಮಾತಾಡುತ್ತಿದ್ದ ನೆಂಟರು ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಒಂದು ಮಾತೂ ಆಡದೆ ಹೋದ ಹಾಗೆ. ಮತ್ತೆ ತೆರೆದೆ, ಅಂಟಿಸಿದೆ, ಎದ್ದು ಹೋಯಿತು. ಒಂಬತ್ತು ಸಲ ಕರೆದೆ, ಒಂಬತ್ತು ಸಲವೂ ಎದ್ದು ಹೋಯಿತು. ನಮ್ಮ ಕಡೆ ಭಾವಮೈದುನರೂ ಇಷ್ಟು ಮುನಿಸಿಕೊಳ್ಳುವುದಿಲ್ಲ.

ಕುರ್ಚಿಯಲ್ಲಿದ್ದ ಪಿಳ್ಳಪ್ಪನವರಿಗೆ ಇದು ಟೀವಿಗಿಂತ ಚೆನ್ನಾಗಿತ್ತು. “ಏನಪ್ಪಾ ನಾಗರಾಜ, ಪರದೇಸದ ದೆವ್ವ ಮೆಟ್ಕಂಡೈತಾ?” ಅಂದರು. ನಾನು ಕರೆಂಟಿನ ಮೇಲೆ ಹಾಕಿದೆ. “ನಿಮ್ಮ ಬಿಲ್ಡಿಂಗಲ್ಲಿ ವೋಲ್ಟೇಜ್ ಸರಿ ಇಲ್ಲ ಗೌಡ್ರೇ.” ಅವರು ಬಿಡುತ್ತಾರೆಯೇ? “ಅದೆಂಗ್ಲಾ? ಕನ್ನಡಕ್ಕೆ ಸಾಕಾಗೋ ವೋಲ್ಟೇಜು ಕೊರಿಯಾಕ್ಕೆ ಸಾಕಾಗಕಿಲ್ವಾ?” ಅಂದರು. ಯುಪಿಎಸ್ಸಿನ ಮೇಲೆ ಎರಡೇಟು ಹಾಕಿದೆ.

ಮಂಗಳವಾರ ನಾನು ಕಲಿತ ವಿದ್ಯೆಯನ್ನೆಲ್ಲ ಹೊರತೆಗೆದೆ. ಶಾಲೆ ಬಿಟ್ಟ ಮೇಲೆ ಯಶವಂತಪುರದಲ್ಲಿ ಮಹಾದೇವಣ್ಣ ಎನ್ನುವವರ ಹತ್ತಿರ ಸೇರಿದ್ದೆ. ಮದುವೆ ಮನೆಗಳಿಗೆ ಸೀರಿಯಲ್ ಸೆಟ್ಟು ಬಾಡಿಗೆಗೆ ಕೊಡುತ್ತಿದ್ದವರು. ಆಗಿನ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಸತ್ತರೆ ಇಡೀ ಸರ ಸಾಯುತ್ತಿತ್ತು. ಒಂದೊಂದೇ ಬಲ್ಬು ನೋಡುತ್ತಾ ಹೋದರೆ ಮದುವೆ ಮುಗಿದು ಹುಡುಗಿ ಗಂಡನ ಮನೆ ಸೇರಿರುತ್ತಾಳೆ. ಮಹಾದೇವಣ್ಣ ಸರದ ನಟ್ಟನಡುವೆ ಟೆಸ್ಟರು ಇಡುತ್ತಿದ್ದರು. ಅಲ್ಲಿವರೆಗೆ ಕರೆಂಟು ಬಂದಿದ್ದರೆ ತೊಂದರೆ ಆಚೆ ಅರ್ಧದಲ್ಲಿ, ಬರದಿದ್ದರೆ ಈಚೆ ಅರ್ಧದಲ್ಲಿ. ಉಳಿದ ಅರ್ಧದಲ್ಲಿ ಮತ್ತೆ ಅರ್ಧ. ಆರು ಸಲ ಟೆಸ್ಟರು ಇಡುವುದರೊಳಗೆ ಸತ್ತ ಬಲ್ಬು ಕೈಗೆ ಸಿಗುತ್ತಿತ್ತು. ಯಾವ ಕಾಲೇಜಿನಲ್ಲೂ ಇದಕ್ಕಿಂತ ಒಳ್ಳೆಯ ಪಾಠ ಹೇಳುತ್ತಾರೆ ಎಂದು ನಾನು ನಂಬುವುದಿಲ್ಲ. ಕಿಮ್ ಮೇಡಂ ಪಟ್ಟಿಗೂ ಅದನ್ನೇ ಮಾಡಿದೆ. ಪಟ್ಟಿಯ ಮೇಲರ್ಧ ಅಂಟಿಸಿದೆ, ಎದ್ದು ಹೋಯಿತು. ಸಿಕ್ಕಿತು, ಕಳ್ಳ ಮೇಲರ್ಧದಲ್ಲಿದ್ದಾನೆ ಅಂದುಕೊಂಡೆ. ಇರಲಿ ಎಂದು ಕೆಳಗಿನರ್ಧ ಅಂಟಿಸಿದೆ, ಅದಕ್ಕೂ ಎದ್ದು ಹೋಯಿತು. ಅರ್ಧದಲ್ಲರ್ಧ, ಒಂದು ಸಾಲು, ಒಂದು ಪದ, ಕೊನೆಗೆ ಒಂದೇ ಒಂದು ಅಕ್ಷರ. ಒಂದು ಸೊನ್ನೆ, ಪಕ್ಕದಲ್ಲಿ ಒಂದು ಕಡ್ಡಿ. ಎಂಥ ಸಾಧುವಾದ ಅಕ್ಷರ! ಅದಕ್ಕೂ ಎದ್ದು ಹೋಯಿತು. ಅದೇ ಜಾಗದಲ್ಲಿ ಕನ್ನಡ ಹಾಕಿದರೆ ಕೂರುತ್ತದೆ, ಇಂಗ್ಲಿಷು ಹಾಕಿದರೆ ಕೂರುತ್ತದೆ, ತಮಿಳು ತೆಲುಗಿಗೂ ಕೂರುತ್ತದೆ. ಸರದ ಒಂದು ಬಲ್ಬಲ್ಲ, ಕೊರಿಯಾದ ಅಷ್ಟೂ ಬಲ್ಬು ಸತ್ತಿದ್ದವು. ಎಲ್ಲಾ ಬಲ್ಬೂ ಒಟ್ಟಿಗೆ ಸತ್ತಿವೆ ಅಂದರೆ ಮಹಾದೇವಣ್ಣ ಒಂದೇ ಮಾತು ಹೇಳುತ್ತಿದ್ದರು: “ಸರ ಬಿಡು ಮಗಾ, ಪ್ಲಗ್ ನೋಡು.” ಅಂದರೆ ದೋಷ ಮೇಡಂ ಪಟ್ಟಿಯಲ್ಲಿಲ್ಲ, ನನ್ನ ಕಂಪ್ಯೂಟರಿನಲ್ಲಿದೆ.

ಅಂಗಡಿಯಲ್ಲಿ ಇನ್ನೊಂದು ಕಂಪ್ಯೂಟರಿತ್ತು. ಅದರಲ್ಲಿ ಹಾಕಿದೆ. ಅದೂ ಎದ್ದು ಹೋಯಿತು. ಎರಡೂ ಮಾತಾಡಿಕೊಂಡ ಹಾಗಿತ್ತು.

ಬುಧವಾರ ರತ್ನ ಸಾವಧಾನವಾಗಿ ಹೇಳಿದಳು. “ರೀ, ಆಯಮ್ಮಂಗೇ ಫೋನ್ ಮಾಡಿ, ಅವರ ಕಡೆಯೋರ ಹತ್ರ ಅಕ್ಷರಾನ ಚಿತ್ರದ ಥರ ಗೆರೆ ಮಾಡಿಸಿ ಕಳಿಸಿ ಅಂತ ಕೇಳಬಾರ್ದಾ? ಅರ್ಧ ಗಂಟೆ ಕೆಲಸ.” ಅವಳು ಹೇಳಿದ್ದು ಸರಿ. ಹಾಗೆ ಕಳಿಸಿದ್ದರೆ ಸಾಫ್ಟ್‌ವೇರಿಗೆ ಅದು ಅಕ್ಷರವೆಂದೇ ಗೊತ್ತಾಗುತ್ತಿರಲಿಲ್ಲ, ರಂಗೋಲಿಯಂತೆ ಕತ್ತರಿಸಿ ಕೊಡುತ್ತಿತ್ತು. ಆದರೆ ‘ಡಬ್ಬ ಮಾಡೋರು ಬೇರೆ, ನಾವು ಬೇರೆ’ ಅಂದ ಬಾಯಲ್ಲಿ ಅದನ್ನು ಕೇಳುವುದು ಹೇಗೆ? ಕೇಳಲಿಲ್ಲ. ಬದಲಿಗೆ ಮೊಬೈಲು ಎದುರಿಗಿಟ್ಟುಕೊಂಡು ನಾನೇ ಕೈಯಾರೆ ಗೆರೆ ಎಳೆದೆ. ಕಂಪ್ಯೂಟರು ಬರುವ ಮೊದಲು ಬ್ರಷ್ಷು ಹಿಡಿದು ಲಾರಿಗಳ ಹಿಂದೆ ಬರೆದವನು, ಕೈ ಚೆನ್ನಾಗಿಯೇ ಇದೆ. ಮಧ್ಯಾಹ್ನದವರೆಗೆ ಕೂತು ಹೆಸರಿನ ಮೂರು ಅಕ್ಷರ ಬರೆದು, ಫೋಟೋ ತೆಗೆದು ಮೇಡಂಗೆ ಕಳಿಸಿದೆ. ತುಂಬಾ ಹೊತ್ತಿನ ನಂತರ ಉತ್ತರ ಬಂತು. “ತುಂಬಾ ಚೆನ್ನಾಗಿದೆ ಸರ್. ಹೂವಾ?”

ಅದಾದ ಮೇಲೆ ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಹಿಂದಿಯಲ್ಲಿ ಶುರು ಮಾಡಿದ ಹುಡುಗಿ ನನ್ನ ಹಿಂದಿ ಕೇಳಿದ ಎರಡೇ ವಾಕ್ಯಕ್ಕೆ, “ಸರ್, ಕನ್ನಡದಲ್ಲೇ ಹೇಳಿ, ಪರವಾಗಿಲ್ಲ,” ಅಂದಳು. ಎಲ್ಲ ಕೇಳಿಕೊಂಡು ಎರಡೇ ಎರಡು ಪ್ರಶ್ನೆ ಕೇಳಿದಳು.

“ಇತ್ತೀಚೆಗೆ ಸಿಸ್ಟಂನಲ್ಲಿ ಏನಾದ್ರೂ ಚೇಂಜ್ ಮಾಡಿದ್ರಾ ಸರ್?”

“ಇಲ್ಲಮ್ಮ.”

“ಏನಾದ್ರೂ ಡಿಲೀಟ್ ಮಾಡಿದ್ರಾ?”

“ನಾನಾ? ನಾನು ಮೆಶೀನು ಮುಟ್ಟೋದೇ ಕೈ ತೊಳ್ಕೊಂಡು ಕಣಮ್ಮ.”

“ಹಾಗಾದ್ರೆ ನಮ್ಮ ಇಂಜಿನಿಯರ್‌ಗಳಿಗೆ ಕೊಡ್ತೀನಿ ಸರ್. ಹತ್ತು ದಿನ ಆಗುತ್ತೆ.”

ಹತ್ತು ದಿನ! ಶುಕ್ರವಾರಕ್ಕೆ ಎರಡೇ ದಿನ ಇತ್ತು. ಫೋನಿಟ್ಟು, ಇಂಜಿನಿಯರ್‌ಗಳನ್ನೂ ಅವರನ್ನು ಓದಿಸಿದ ಕಾಲೇಜುಗಳನ್ನೂ ಬಾಯಿತುಂಬ ಬೈದೆ. ಇಷ್ಟೊಂದು ಓದಿ ಒಂದು ಸೊನ್ನೆ, ಒಂದು ಕಡ್ಡಿ ತೋರಿಸಲಾರದ ಸಾಫ್ಟ್‌ವೇರು ಮಾಡುವುದಾದರೆ ಓದುವುದಾದರೂ ಯಾಕೆ ಎಂದು ಪಿಳ್ಳಪ್ಪನವರಿಗೆ ಒಂದು ಭಾಷಣ ಕೊಟ್ಟೆ. ಅವರು, “ಅದ್ಕೇ ನೋಡಪ್ಪ ನಾವ್ಯಾರೂ ಓದಕ್ಕೆ ಓಗ್ನಿಲ್ಲ,” ಎಂದು ಪೂರ್ತಿ ಒಪ್ಪಿಕೊಂಡರು. ಭಾಷಣ ಮುಗಿದಾಗ ನನ್ನ ಕಿವಿಯಲ್ಲಿ ಉಳಿದದ್ದು ಕಿಮ್ ಮೇಡಂ ಅಂದ ‘ಡಬ್ಬ ಬೇಡ’ ಮಾತ್ರ. ನನ್ನನ್ನು ನಂಬಿ ಅವರು ನಾಲ್ಕನೇ ಅಂಗಡಿಗೆ ಹೋಗಿರಲಿಲ್ಲ. ಆ ಬೋರ್ಡು ಆಗದಿದ್ದರೆ ನಾನೂ ಮೂರನೇ ಫೋಟೋ ಆಗಿ ಆ ಮೊಬೈಲು ಸೇರುತ್ತೇನೆ.

ಗುರುವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ಅಟ್ಟ ಹತ್ತಿದೆ. ಅಲ್ಲಿ ನನ್ನ ಮೊಟ್ಟಮೊದಲ ಕಂಪ್ಯೂಟರು ಇತ್ತು. ಎರಡು ವರ್ಷದ ಹಿಂದೆ ನಿಧಾನವಾಯಿತೆಂದು ಹಳೆಯ ಫ್ಲೆಕ್ಸ್ ಸುರುಳಿಗಳ ಕೆಳಗೆ ತಳ್ಳಿದ್ದೆ. ಇಳಿಸಿ, ಧೂಳು ಹೊಡೆದು, ವೈರು ಚುಚ್ಚಿದೆ. ಕಾಲು ಗಂಟೆ ಕೆಮ್ಮಿ ಎದ್ದು ಕೂತಿತು. ಅದರಲ್ಲೂ ಅದೇ ಸಾಫ್ಟ್‌ವೇರು. ಪಟ್ಟಿ ಅಂಟಿಸಿ ಕಣ್ಣು ಮುಚ್ಚಿಕೊಂಡೆ. ರತ್ನ “ಬಂತು ಕಣ್ರೀ!” ಎಂದು ಕೂಗಿದಳು. ಕಣ್ಣು ಬಿಟ್ಟರೆ ಪರದೆಯ ತುಂಬ ಕೊರಿಯನ್ ಅಕ್ಷರಗಳು, ಸಾಲು ಸಾಲಾಗಿ, ಒಂದೂ ಡಬ್ಬ ಇಲ್ಲದೆ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನಿಂತಿದ್ದವು.

ಹೊಸ ಎರಡು ಕಂಪ್ಯೂಟರಿಗೆ ಬಾರದ್ದು ಅಟ್ಟದ ಮುದುಕನಿಗೆ ಹೇಗೆ ಬಂತು? ಮೂವರೂ ನಿಂತು ಯೋಚಿಸಿದೆವು. ಅದೇ ಸಾಫ್ಟ್‌ವೇರು, ಅದೇ ಪಟ್ಟಿ, ಅದೇ ಕರೆಂಟು. ಪಿಳ್ಳಪ್ಪನವರೇ ವ್ಯತ್ಯಾಸ ಕಂಡುಹಿಡಿದರು. ಕೆಳಗಿನ ಎರಡರ ಮೇಲೂ ಅರಿಶಿನ ಕುಂಕುಮ ಇತ್ತು. ಅಟ್ಟದ್ದಕ್ಕೆ ಇರಲಿಲ್ಲ. “ಪೂಜೆ ಮಾಡ್ದೋವು ಓದಕಿಲ್ಲ, ಮಾಡ್ದೇ ಇರೋದು ಓದ್ತದೆ,” ಎಂದು ಅವರು ಗಲ್ಲ ಬಡಿದುಕೊಂಡರು. “ಎಂಗೈತೆ ನೋಡು ಕಾಲ! ಕುಂಬಳಕಾಯಿ ಒಡ್ದಿದ್ದೇ ತಪ್ಪಾಗೋಯ್ತೇನೋ.”

ನಾನು ನಗಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ರತ್ನ ನನ್ನನ್ನೇ ನೋಡುತ್ತಿದ್ದಳು. “ಆಯುಧ ಪೂಜೆ ಹಿಂದಿನ ದಿನ ಎರಡು ಗಂಟೆ ಕೂತು ಅದೇನೋ ಗುಡಿಸ್ತಿದ್ರಲ್ಲ?” ಅಂದಳು.

ಗುಡಿಸಿದ್ದೆ. ಆಯುಧ ಪೂಜೆಗೆ ಮುಂಚೆ ಅಂಗಡಿಯ ಪ್ರತಿಯೊಂದು ಸಾಮಾನನ್ನೂ ತೊಳೆದು ಒರೆಸುವುದು ಮಹಾದೇವಣ್ಣನ ಕಾಲದಿಂದ ಬಂದ ಪದ್ಧತಿ. ಬ್ಲೇಡಿನ ಸಂದಿಯ ಧೂಳನ್ನೂ ನಾನು ಬಿಡುವುದಿಲ್ಲ. ಆ ವರ್ಷ ಹೊರಗಿನದೆಲ್ಲ ಮುಗಿದ ಮೇಲೆ, ಹೊರಗೆ ಮಾತ್ರ ತೊಳೆದರೆ ಸಾಕೇ, ಒಳಗೂ ಶುದ್ಧವಾಗಬೇಡವೇ ಅನ್ನಿಸಿತು. ಕಂಪ್ಯೂಟರಿನ ಹೊಟ್ಟೆಯೊಳಗೆ ಹೋಗಿ ಫಾಂಟುಗಳ ಪಟ್ಟಿ ತೆರೆದೆ. ಒಂದೊಂದು ಬಗೆಯ ಅಕ್ಷರಕ್ಕೂ ಒಂದೊಂದು ಫಾಂಟು ಇರುತ್ತದಲ್ಲ, ಅವುಗಳ ಉಗ್ರಾಣ ಅದು. ನೋಡಿದರೆ ಒಳಗೆ ಯಾರ್ಯಾರೋ ಬಿಡಾರ ಹೂಡಿದ್ದರು. ಹುಳುವಿನಂಥವು, ಏಣಿಯಂಥವು, ಮನೆಯ ನಕ್ಷೆಯಂಥವು. ನನಗೆ ಓದಲು ಬಾರದ ಅಕ್ಷರಕ್ಕೆ ನನ್ನ ಅಂಗಡಿಯಲ್ಲಿ ಏನು ಕೆಲಸ? ತಮಿಳು ತೆಲುಗು ಬಿಟ್ಟೆ, ಗಿರಾಕಿಗಳಿದ್ದಾರೆ. ಉಳಿದವನ್ನು ಒಂದೊಂದಾಗಿ ಅಳಿಸಿದೆ. ಪ್ರತಿ ಸಲವೂ ಅದು, ಖಂಡಿತವಾ, ಖಂಡಿತವಾ ಎಂದು ಕೇಳಿತು. ಖಂಡಿತ ಎಂದು ಒತ್ತಿದೆ. ಕೆಲವಕ್ಕಂತೂ, ಇದನ್ನು ತೆಗೆಯಲು ನಿಮಗೆ ಅಧಿಕಾರವಿಲ್ಲ ಅಂದಿತು. ನನ್ನ ಅಂಗಡಿಯಲ್ಲಿ ನನಗೇ ಅಧಿಕಾರವಿಲ್ಲವೇ! ಫೋನಿನಲ್ಲಿ ಮೂರು ವಿಡಿಯೋ ನೋಡಿ, ಅಧಿಕಾರ ಕಿತ್ತುಕೊಂಡು, ಅವನ್ನೂ ಅಳಿಸಿದೆ. ಅದೇ ಉತ್ಸಾಹದಲ್ಲಿ ಎರಡನೇ ಕಂಪ್ಯೂಟರನ್ನೂ ಶುದ್ಧ ಮಾಡಿದೆ. ಕೊರಿಯನ್ ಅಕ್ಷರ ಬಂದಾಗಲೆಲ್ಲ ಪಾಪದ ಸಾಫ್ಟ್‌ವೇರು ಆ ಫಾಂಟಿನ ಬಾಗಿಲು ತಟ್ಟುತ್ತಿತ್ತು. ಪಟ್ಟಿಯಲ್ಲಿ ಹೆಸರು ಉಳಿದಿತ್ತು, ಒಳಗೆ ಆಸಾಮಿ ಇರಲಿಲ್ಲ. ಗಾಬರಿಯಾಗಿ ಎದ್ದು ಓಡುತ್ತಿತ್ತು. ಮುದುಕ ಅಟ್ಟದಲ್ಲಿದ್ದದ್ದರಿಂದ ನನ್ನ ಭಕ್ತಿಯಿಂದ ಪಾರಾಗಿದ್ದ.

ಅದರ ಫಾಂಟುಗಳನ್ನು ಪೆನ್‌ಡ್ರೈವಿಗೆ ಹಾಕಿ ಎರಡಕ್ಕೂ ಮರಳಿ ತುಂಬಿದೆ. ಪಟ್ಟಿ ಅಂಟಿಸಿದೆ. ಸಾಫ್ಟ್‌ವೇರು ಕೂತೇ ಇತ್ತು. ಅಷ್ಟರಲ್ಲಿ ನೆನಪಾಯಿತು, ಎಲ್ಲೋ ಕೂತು ಇಂಜಿನಿಯರ್‌ಗಳು ನನ್ನ ಸುಳ್ಳನ್ನು ನಂಬಿಕೊಂಡು ತಮ್ಮ ಸಾಫ್ಟ್‌ವೇರಿನಲ್ಲಿ ಇಲ್ಲದ ಕಳ್ಳನನ್ನು ಹುಡುಕುತ್ತಿರಬೇಕು. ಸಹಾಯವಾಣಿಯ ಹುಡುಗಿಗೆ ಫೋನು ಮಾಡಿ, ದನಿ ತಗ್ಗಿಸಿ, ನಡೆದದ್ದು ಹೇಳಿದೆ. ಅವಳು ನಗಲಿಲ್ಲ. “ಫಾಂಟ್ ಇಲ್ದಿದ್ರೂ ನಮ್ಮ ಸಾಫ್ಟ್‌ವೇರ್ ಹಂಗೆ ಕ್ಲೋಸ್ ಆಗ್ಬಾರ್ದು ಸರ್. ಫಾಂಟ್ ಇಲ್ಲ ಅಂತ ಹೇಳ್ಬೇಕು. ನಮ್ದೂ ತಪ್ಪಿದೆ,” ಅಂದಳು. ಆ ‘ನಮ್ದೂ’ ಎನ್ನುವುದರಲ್ಲಿ ಎಂಥ ಸಮಾಧಾನ! ಅರ್ಧ ತಪ್ಪು ಕಂಪನಿಯದು. ಅವತ್ತಿನಿಂದ ಯಾರು ಕೇಳಿದರೂ ಆ ಅರ್ಧವನ್ನೇ ಹೇಳಿಕೊಂಡು ಬಂದಿದ್ದೇನೆ.

ಶುಕ್ರವಾರ ಇಡೀ ದಿನ ಮೆಶೀನು ಕತ್ತರಿಸಿತು, ರತ್ನ ಕಿತ್ತಳು. “ಕನ್ನಡದಷ್ಟು ಕಾಟ ಇಲ್ಲ ಕಣ್ರೀ, ಒತ್ತಕ್ಷರಾನೇ ಇಲ್ಲ,” ಎಂದು ಕೊರಿಯಾಕ್ಕೆ ಮಾರ್ಕು ಕೊಟ್ಟಳು. ಸಂಜೆ ಐದಕ್ಕೆ ಬೋರ್ಡು ತಣಿಸಂದ್ರದ ಬಾಗಿಲ ಮೇಲಿತ್ತು. ಕಿಮ್ ಮೇಡಂ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದರು, ಕೊನೆಯ ಸಾಲು ಮುಗಿದ ಮೇಲೆ ಬೆನ್ನು ತಿರುಗಿಸಿ ಮೂಗು ಒರೆಸಿಕೊಂಡರು.

ಶನಿವಾರ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ನಾವು ಹೋಗುವ ಹೊತ್ತಿಗೆ ಸರಿಯಾಗಿ ಕಾರಿನಿಂದ ಒಬ್ಬ ಪುಟ್ಟ ಅಜ್ಜಿ ಇಳಿದರು. ಮಗಳು ಕೈ ಹಿಡಿಯಲು ಹೋದರೆ ಬಿಡಿಸಿಕೊಂಡು ಬೋರ್ಡಿನ ಕೆಳಗೆ ನಿಂತರು. ತಲೆ ಎತ್ತಿದರು. ತಮ್ಮ ಹೆಸರನ್ನು ಗಟ್ಟಿಯಾಗಿ, ಬೇರೆ ಯಾರನ್ನೋ ಕರೆಯುವ ಹಾಗೆ, ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಚಿಕ್ಕ ಹುಡುಗಿಯ ಹಾಗೆ ನಕ್ಕರು. ರತ್ನ ನನ್ನ ತೋಳು ಚಿವುಟಿದಳು.

ಕಿಮ್ ಮೇಡಂ ನನ್ನನ್ನು ತೋರಿಸಿ ಏನೋ ಹೇಳಿದರು. ಅಜ್ಜಿ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದು ಏನೋ ಕೇಳಿದರು. “ಇಷ್ಟು ಚೆನ್ನಾಗಿ ಬರ್ದಿದಾರೆ, ಇವರಿಗೆ ನಮ್ಮ ಅಕ್ಷರ ಓದಕ್ಕೆ ಬರುತ್ತಾ ಅಂತ ಕೇಳ್ತಾರೆ,” ಅಂದರು ಮಗಳು. ಇಲ್ಲ ಎಂದು ತಲೆ ಆಡಿಸುವುದು ಎಷ್ಟು ಹೊತ್ತಿನ ಕೆಲಸ? ಆದರೆ ಆ ಮುಖದ ಸಂತೋಷ ನೋಡಿ, ಎಲ್ಲರೂ ನನ್ನನ್ನೇ ನೋಡುತ್ತಿರುವುದನ್ನೂ ನೋಡಿ, ನನ್ನ ತಲೆ ತಾನಾಗಿ ಮೇಲಕ್ಕೂ ಕೆಳಕ್ಕೂ ಆಡಿತು. ಅಷ್ಟೇ ಸಾಕಾಯಿತು. ಅಜ್ಜಿ ನನ್ನನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಗಾಜಿನ ಗೋಡೆಯ ಮುಂದೆ ನಿಲ್ಲಿಸಿ, ಪಟ್ಟಿಯಲ್ಲಿನ ಒಂದೊಂದು ತಿಂಡಿಯ ಮೇಲೂ ಬೆರಳಿಟ್ಟು, ಅದನ್ನು ಯಾವಾಗ, ಯಾರಿಗೆ, ಹೇಗೆ ಮಾಡುತ್ತಿದ್ದೆ ಎಂದೋ ಏನೋ, ಅರ್ಧ ಗಂಟೆ ಕೊರಿಯನ್ನಿನಲ್ಲಿ ಹೇಳಿದರು. ಅವರು ನಕ್ಕಲ್ಲಿ ನಕ್ಕೆ. ನಿಟ್ಟುಸಿರು ಬಿಟ್ಟಲ್ಲಿ ಬಿಟ್ಟೆ. ಒಂದು ಕಡೆ ಅವರು ಪ್ರಶ್ನೆ ಕೇಳಿ ಕಾದರು, “ಹೌದೌದು” ಅಂದೆ. ಅದಕ್ಕೆ ಅವರು ಕೆಂಪಗಿನ ಸಾರಿನ ದೊಡ್ಡ ಬಟ್ಟಲೊಂದನ್ನು ತಂದು ಮುಂದಿಟ್ಟರು. ಅಷ್ಟು ಖಾರ ನಾನು ಆಂಧ್ರದಲ್ಲೂ ಉಂಡಿಲ್ಲ. ಪೂರ್ತಿ ಕುಡಿದೆ. ರತ್ನ ಎದುರಿಗೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಣಿಸುತ್ತಿದ್ದಳು.

ಇವತ್ತಿಗೆ ನನ್ನಲ್ಲಿರುವುದು ಇಷ್ಟು: ಒಬ್ಬಳು ಹೆಂಡತಿ, ಒಂದು ಅಂಗಡಿ, ಒಂದು ಕಟಿಂಗ್ ಮೆಶೀನು, ಅಟ್ಟದಿಂದ ಇಳಿದದ್ದೂ ಸೇರಿ ಮೂರು ಕಂಪ್ಯೂಟರು. ಅವುಗಳೊಳಗೆ ಹತ್ತೊಂಬತ್ತು ಲಿಪಿಯ ಅಕ್ಷರಗಳು. ನನಗೆ ಓದಲು ಬರುವುದು ಎರಡೂವರೆ.